ಸಂಜೆ ಕೂಗುವ ಕೋಳಿ

ಹೊಸ ಬಟ್ಟೆ ಹೊಲಿಯುವವರು ಎಲ್ಲ ಬೀದಿಯಲ್ಲೂ ಸಿಗುತ್ತಾರೆ. ಹರಿದದ್ದನ್ನು, ಬಿಗಿಯಾದದ್ದನ್ನು, ಜಿಪ್ಪು ಕಿತ್ತದ್ದನ್ನು ಬೇಸರವಿಲ್ಲದೆ ಸರಿಮಾಡಿ ಕೊಡುವವರು ಸಿಗುವುದು ಕಷ್ಟ. ಗಟ್ಟಿಯಕ್ಕ ಅಂಥವಳು. ಮೆಟ್ಟಿಲ ಕೆಳಗಿದ್ದ ಅವಳ ಅಂಗಡಿ ಎಷ್ಟು ಕಿರಿದೆಂದರೆ, ಒಳಗೆ ಬಂದ ಗಿರಾಕಿ ಹಿಂದಕ್ಕೆ ತಿರುಗಬೇಕಾದರೆ ಮೊದಲು ಹೊರಗೆ ಹೋಗಬೇಕಿತ್ತು. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಡಬ್ಬಿ ತುಂಬ ಒಂಟಿ ಗುಂಡಿಗಳು. ಗುಂಡಿಗಳಿಗೆ ಜೋಡಿ ಸಿಗುವುದಿಲ್ಲವೆಂದು ಗೊತ್ತಿದ್ದರೂ ಅವಳು ಒಂದನ್ನೂ ಎಸೆದವಳಲ್ಲ.

ಆ ಹೆಸರು ಬೀದಿಯವರು ಇಟ್ಟದ್ದು. ಯಾರೇ ಏನೇ ಹೊಸದು ತಂದರೂ ಅವಳ ಮೊದಲ ಪ್ರಶ್ನೆ, "ಗಟ್ಟಿ ಇದೆಯಾ?" ಕೊಡೆ ತಂದವರಿಗೂ ಅದೇ, ಚಪ್ಪಲಿ ತಂದವರಿಗೂ ಅದೇ. ಮದುವೆ ಗೊತ್ತಾದ ಹುಡುಗಿಯೊಬ್ಬಳು ಹುಡುಗನ ಫೋಟೋ ತೋರಿಸಿದಾಗಲೂ ಬಾಯಿತಪ್ಪಿ ಅದನ್ನೇ ಕೇಳಿದ್ದಳಂತೆ. ಇದನ್ನು ಅವಳು ಒಪ್ಪುವುದಿಲ್ಲ, ಆದರೆ ನಿರಾಕರಿಸುವಾಗ ನಗುತ್ತಾಳೆ.

ಅವಳ ಫೋನು ಬೀದಿಗೆಲ್ಲ ಪರಿಚಿತ. ಅದನ್ನು ಕೊಂಡಾಗ ಜೊತೆಗೆ ಕೊಂಡವರೆಲ್ಲ ಆಮೇಲೆ ಮೂರು ಮೂರು ಫೋನು ಬದಲಾಯಿಸಿದ್ದರು. ಇವಳದ್ದು ಮಾತ್ರ ಹಾಗೇ ಇತ್ತು. ಒಂದು ಮೂಲೆ ಚಕ್ಕೆ ಎದ್ದಿತ್ತು. ಅದಕ್ಕೆ ಕೆಂಪು ನೇಲ್ ಪಾಲಿಶ್ ತುಂಬಿದ್ದಳು. ದಿನಾ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಅದರೊಳಗಿಂದ ಕೋಳಿ ಕೂಗುತ್ತಿತ್ತು. ಹಿಂದೊಮ್ಮೆ ಇಸ್ತ್ರಿ ಆರಿಸುವುದನ್ನು ಮರೆತು ಯಾರದೋ ಕೋಟಿನ ತೋಳು ಸುಟ್ಟಿದ್ದಳು. ಅಂದಿನಿಂದ ಆ ಅಲಾರಾಂ. "ಲೋಕದ ಕೋಳಿಗಳೆಲ್ಲ ಬೆಳಗಾಗಿಸ್ತವೆ, ಗಟ್ಟಿಯಕ್ಕನ ಕೋಳಿ ಕತ್ತಲಾಗಿಸುತ್ತೆ" ಎಂದು ಪಕ್ಕದ ಬೇಕರಿಯವನು ತಮಾಷೆ ಮಾಡುತ್ತಿದ್ದ. ಮಾಡಿದರೂ, ಆ ಕೂಗು ಕೇಳಿದ ಮೇಲೆಯೇ ಅವನೂ ಒಲೆ ತಗ್ಗಿಸುತ್ತಿದ್ದದ್ದು.

ಫೋನು ಅಷ್ಟು ಬಾಳಿದ್ದು ಅವಳ ತಮ್ಮನ ಕೈಗುಣದಿಂದ. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಬೆಳೆಸಿದವಳು ಅವಳೇ. ಫೋನು ರಿಪೇರಿ ಕಲಿತು ಬಂದಾಗ ಅವನಿಗೆ ಕೂರಲು ಜಾಗವಿರಲಿಲ್ಲ. ತನಗೇ ಸಾಲದ ಅಂಗಡಿಯಲ್ಲಿ ಇಸ್ತ್ರಿ ಮೇಜಿನ ಅರ್ಧ ಬಿಟ್ಟುಕೊಟ್ಟಳು. ಒಂದೇ ದೀಪದ ಕೆಳಗೆ ಅವಳು ಸೂಜಿಗೆ ನೂಲು ಪೋಣಿಸುತ್ತಿದ್ದರೆ ಅವನು ಕಣ್ಣಿಗೆ ಕಾಣದಂಥ ಸ್ಕ್ರೂ ಬಿಚ್ಚುತ್ತಿದ್ದ. ಚಿಮಟ ಇಬ್ಬರಿಗೂ ಒಂದೇ. ಪ್ಯಾಂಟಿನ ಅಂಚು ಮಡಚಿಸಲು ಬಂದವರಿಗೆಲ್ಲ ಅವಳು ತನ್ನ ಫೋನು ಎತ್ತಿ ತೋರಿಸುತ್ತಿದ್ದಳು. "ನೋಡಿ, ಎಷ್ಟು ವರ್ಷ ಆಯ್ತು ಇದಕ್ಕೆ! ಬ್ಯಾಟರಿ ಹಾಕಿದ್ದಾನೆ, ಗ್ಲಾಸ್ ಹಾಕಿದ್ದಾನೆ, ಓಡ್ತಾನೇ ಇದೆ. ಹೋಗಿದ್ರೆ ಹೋಗಿದೆ ಅಂತಾನೆ, ಇದ್ರೆ ಇದೆ ಅಂತಾನೆ. ನನ್ನ ತಮ್ಮ ಸುಳ್ಳು ಹೇಳಲ್ಲ." ಹೀಗೆ ಹೇಳಿ ಹೇಳಿಯೇ ಅವನಿಗೆ ಗಿರಾಕಿ ಹಿಡಿದಳು. ಕೆಲವು ವರ್ಷಗಳಲ್ಲಿ ಅವನು ಬೀದಿಯ ಆಚೆ ಬದಿಗೆ, ಅವಳ ಎದುರಿಗೇ, ಸ್ವಂತ ಅಂಗಡಿ ಮಾಡಿದ. ಜನ ಅವನನ್ನು ಫೋನ್ ಡಾಕ್ಟರ್ ಎಂದರು.

ಡಾಕ್ಟರ ಅಂಗಡಿಗೆ ಈಚೆಗೆ ಗಾಜಿನ ಕಪಾಟು ಬಂತು. ಅದರ ಹಿಂದೆಯೇ ಹೊಸ ಫೋನುಗಳು ಬಂದವು. ರಿಪೇರಿಯ ಮೇಜು ಮೂಲೆಗೆ ಸರಿಯಿತು. "ಈಗ ಯಾರು ರಿಪೇರಿ ಮಾಡಿಸ್ತಾರೆ ಅಕ್ಕಾ? ಫೋನಿಗೆ ಆಯಸ್ಸೇ ಎರಡು ಮೂರು ವರ್ಷ. ಆಮೇಲೆ ಕಂಪನಿಯವರು ಅಪ್‌ಡೇಟ್ ನಿಲ್ಲಿಸ್ತಾರೆ, ಒಂದೊಂದೇ ಆ್ಯಪ್ ಕೈಕೊಡುತ್ತೆ" ಎಂದ ತಮ್ಮ.

"ಮತ್ತೆ ನಂದು?"

"ನಿಂದು ಬಿಡು, ನಿನ್ನ ಹಾಗೇ ಮೊಂಡು" ಎಂದು ನಕ್ಕ. ಅವಳಿಗೆ ಅದು ಬಿರುದು ಕೊಟ್ಟ ಹಾಗಾಯಿತು. ಆ ವಾರವೆಲ್ಲ ಬಂದವರ ಮುಂದೆ ಅದನ್ನೇ ಹೇಳಿಕೊಂಡಳು.

ಒಂದು ದಿನ ಚಾರ್ಜಿಂಗ್ ಪಿನ್ನಿನಲ್ಲಿ ನೂಲಿನ ಧೂಳು ತುಂಬಿಕೊಂಡಿತು. ದರ್ಜಿಯ ಫೋನಿಗೆ ಇದು ನೆಗಡಿಯಿದ್ದ ಹಾಗೆ, ಆಗಾಗ ಬರುವುದೇ. ಎಂದಿನಂತೆ ತಮ್ಮನ ಬಳಿ ಬಿಟ್ಟು ಬಂದಳು. ಮರುದಿನ ಹೋದಾಗ ಅವನು ಮುಖ ಸಪ್ಪೆ ಮಾಡಿಕೊಂಡು ಕೂತಿದ್ದ. ಫೋನಿನ ಬೆನ್ನು ಬಿಚ್ಚಿತ್ತು. ಒಳಗೆ ಉಗುರಿನಷ್ಟು ಜಾಗವನ್ನು ಚಿಮಟದಲ್ಲಿ ಮುಟ್ಟಿ ತೋರಿಸಿದ.

"ಬೋರ್ಡೇ ಹೋಗಿದೆ ಅಕ್ಕಾ. ನನ್ನ ಕೈಲಾದ್ದೆಲ್ಲ ಮಾಡ್ದೆ."

ಅವಳು ಬಗ್ಗಿ ನೋಡಿದಳು. ಕಪ್ಪು ಚುಕ್ಕೆಗಳ ನಡುವೆ ಇನ್ನೊಂದು ಕಪ್ಪು ಚುಕ್ಕೆ ಕಂಡಿತು. ಕೆಂಪು ಮೂಲೆಯನ್ನೊಮ್ಮೆ ಬೆರಳಿನಿಂದ ಮುಟ್ಟಿದಳು. ಆದರೆ ತಮ್ಮನ ಬಾಡಿದ ಮುಖ ನೋಡಿ ತನ್ನ ದುಃಖ ಬದಿಗಿಟ್ಟು ಅವನನ್ನೇ ಸಮಾಧಾನ ಮಾಡಿದಳು. "ಬಿಡೋ, ಇಷ್ಟು ವರ್ಷ ನೀನೇ ಅಲ್ವಾ ಉಳಿಸಿದ್ದು? ಅದಕ್ಕ್ಯಾಕೆ ಮುಖ ಹೀಗೆ ಮಾಡ್ಕೋತೀಯ?" ಎಂದು ಬೆನ್ನು ಸವರಿದಳು. ಅವನು ಹೊಸದೊಂದನ್ನು ಕಪಾಟಿನಿಂದ ತೆಗೆದು, ಹಳೆಯದರ ಫೋಟೋಗಳನ್ನೆಲ್ಲ ಅದಕ್ಕೆ ಹಾಕಿ, ಕೈಗೆ ಕೊಟ್ಟ. ಹಳೆಯದನ್ನು ಬಿಡಿಭಾಗಕ್ಕೆ ಆಗುತ್ತದೆಂದು ತಾನೇ ಇಟ್ಟುಕೊಂಡ. ಹಣ ಕೇಳಲಿಲ್ಲ. "ಅಕ್ಕನ ಹತ್ರ ತಗೊಳ್ತೀನಾ?" ಎಂದ. ಅವಳ ಕಣ್ಣು ತುಂಬಿ ಬಂತು.

ಗಟ್ಟಿಯಕ್ಕನ ಕೈಯಲ್ಲಿ ಹೊಸ ಫೋನು! ಸುದ್ದಿ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಲು ಸಂಜೆಯವರೆಗೂ ಬೇಕಾಗಲಿಲ್ಲ. ಬೇಕರಿಯವನು ತನ್ನ ಫೋನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಅಕ್ಕಂದೇ ಹೋಯ್ತಂತೆ, ಇನ್ನು ನಮ್ಮದು ಯಾವ ಲೆಕ್ಕ?" ಎಂದು ಎದುರು ಅಂಗಡಿಗೆ ನಡೆದ. ಮೂಲೆ ಮನೆಯ ನರ್ಸ್ ತನ್ನದನ್ನು ತಂದು, "ಸ್ವಲ್ಪ ನಿಧಾನ ಆಗಿದೆ ಅಷ್ಟೆ ಅಕ್ಕಾ, ಆದರೂ ಬದಲಾಯಿಸಬೇಕು ಅಂತಾರೆ ನಿಮ್ಮ ತಮ್ಮ. ನಿಜಾನಾ?" ಎಂದು ಕೇಳಿದಳು. ಗಟ್ಟಿಯಕ್ಕ ಹಲ್ಲಿನಲ್ಲಿ ನೂಲು ಕಚ್ಚಿ ಹರಿಯುತ್ತ, ಯೋಚನೆಯನ್ನೇ ಮಾಡದೆ, "ಅವನು ಹೇಳಿದ್ರೆ ನಿಜ" ಎಂದಳು. ನರ್ಸ್ ಹೋಗಿ ಹೊಸದು ಕೊಂಡಳು. ಹೀಗೆಯೇ ಇನ್ನೂ ಎಷ್ಟೋ ಮಂದಿ ಕೊಂಡರು.

ಹೊಸ ಫೋನಿನಲ್ಲಿ ಕೋಳಿ ಇರಲಿಲ್ಲ. ಏನೋ ಗಂಟೆ ನಾದ ಇತ್ತು. ಅದು ಮೊಳಗಿದಾಗ ಯಾರೋ ಬಾಗಿಲು ತಟ್ಟಿದರೆಂದು ಅವಳು ತಲೆಯೆತ್ತುತ್ತಿದ್ದಳೇ ಹೊರತು ಇಸ್ತ್ರಿ ನೆನಪಾಗುತ್ತಿರಲಿಲ್ಲ. ಎರಡು ಸಲ ತಮ್ಮನೇ ಆಚೆಯಿಂದ "ಅಕ್ಕಾ, ಇಸ್ತ್ರಿ!" ಎಂದು ಕೂಗಿ ನೆನಪಿಸಿದ. ಅವಳು ಕೂತಲ್ಲಿಂದಲೇ ಕೈಚಾಚಿ ಸ್ವಿಚ್ಚು ಒತ್ತಿದಳು. ನಿಜಕ್ಕೂ ಉರಿಯುತ್ತಿದೆಯೇ ಎಂದು ತಿರುಗಿ ನೋಡಲೂ ಇಲ್ಲ. ತಮ್ಮ ಹೇಳಿದ ಮೇಲೆ ನೋಡುವುದೇನು?

ಗಾಜಿನ ಕಪಾಟಿನ ಕೆಳಗಿನ ಸಾಮಾನು ಕಾಣದಂತೆ ಒಂದು ಪರದೆ ಬೇಕೆಂದು ತಮ್ಮ ಕೇಳಿದ್ದ. ಅವಳು ಒಳ್ಳೆಯ ದಪ್ಪ ಬಟ್ಟೆ ಆರಿಸಿ, ಅಂಚಿಗೆ ಎರಡೆರಡು ಹೊಲಿಗೆ ಹಾಕಿ, ಒಂದು ಸಂಜೆ ಮಡಚಿಕೊಂಡು ಎದುರಿಗೆ ಹೋದಳು. ಅಲ್ಲಿ ನಿವೃತ್ತ ಬಸ್ ಕಂಡಕ್ಟರ್ ನಿಂತಿದ್ದರು. ತಮ್ಮ ಅವರ ಫೋನನ್ನು ದೀಪಕ್ಕೆ ಹಿಡಿದು ತಲೆ ಅಲ್ಲಾಡಿಸುತ್ತಿದ್ದ.

"ಬೋರ್ಡೇ ಹೋಗಿದೆ ಸಾರ್. ನನ್ನ ಕೈಲಾದ್ದೆಲ್ಲ ಮಾಡ್ದೆ."

ಅದೇ ಮಾತು, ಅದೇ ಸಪ್ಪೆ ಮುಖ. ಗಟ್ಟಿಯಕ್ಕನಿಗೆ ಎಲ್ಲೋ ಒಂದು ಹೊಲಿಗೆ ತಪ್ಪಿದಂತೆನಿಸಿತು. ಆದರೂ ಮನಸ್ಸಿಗೆ ತಂದುಕೊಳ್ಳದೆ ಪರದೆ ಬಿಡಿಸತೊಡಗಿದಳು.

ಆಗ ಡ್ರಾಯರಿನೊಳಗಿಂದ ಕೋಳಿ ಕೂಗಿತು.

ಆಗಿದ್ದಿಷ್ಟು. ಡಾಕ್ಟರ ಸ್ವಂತ ಫೋನು, ಕಪಾಟಿನ ಹೊಸವುಗಳ ಪೈಕಿಯದ್ದೇ, ಆ ದಿನ ಮಧ್ಯಾಹ್ನ ಬ್ಯಾಟರಿ ಕೆಟ್ಟು ಮಲಗಿತ್ತು. ಅದಕ್ಕೇ ಅವನು ಡ್ರಾಯರಿನಲ್ಲಿ ಆರಿಸಿಟ್ಟಿದ್ದ ಅಕ್ಕನ ಫೋನಿಗೆ ತನ್ನ ಸಿಮ್ ಹಾಕಿ ಆನ್ ಮಾಡಿದ್ದ. ಊರವರಿಗೆಲ್ಲ ಹೊಸದು ಮಾರಿದವನಿಗೆ ಕಷ್ಟಕಾಲಕ್ಕೆ ಆದದ್ದು ಆ ಹಳೆಯದು. ಎಲ್ಲ ನೆನಪಿಟ್ಟಿದ್ದ ಮನುಷ್ಯ ಕೋಳಿಯೊಂದನ್ನು ಮರೆತಿದ್ದ.

ಅವನು ಡ್ರಾಯರ್ ಎಳೆದು ಒತ್ತಿ ಕೂಗು ನಿಲ್ಲಿಸಿದ. ಆ ಗಡಿಬಿಡಿಯಲ್ಲಿ ಕೆಂಪು ಮೂಲೆ ಮಿಂಚಿ ಮರೆಯಾದದ್ದು ಅವಳಿಗೆ ಕಂಡಿತು. ಕಂಡಕ್ಟರಿಗೆ ಕಾಣಲಿಲ್ಲ, ಆದರೆ ಕಿವಿ ಚುರುಕು.

"ಇದು ನಿನ್ನ ಕೋಳಿ ಅಲ್ವೇನಮ್ಮ? ಸತ್ತೋಯ್ತು ಅಂದಿದ್ರು?"

ತಮ್ಮ ಅವಳ ಮುಖ ನೋಡಿದ. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಕಿಟಕಿ ಗಾಜು ಒಡೆದು ಬಂದು ಅವಳ ಬೆನ್ನ ಹಿಂದೆ ನಿಂತು ನೋಡುತ್ತಿದ್ದ, ಅದೇ ನೋಟ. ಆಗೆಲ್ಲ ಅವಳು ಏನು ಹೇಳುತ್ತಿದ್ದಳೋ ಅದೇ ಈಗಲೂ ಬಾಯಿಗೆ ಬಂತು. ತಲೆ ಯೋಚಿಸುವ ಮೊದಲೇ ನಾಲಿಗೆ ಹೇಳಿಬಿಟ್ಟಿತು.

"ಅಲ್ಲ. ನಂದಲ್ಲ. ಬೇರೆ ಯಾರದೋ ಇರಬೇಕು."

"ಹೌದಾ? ಸರಿ ಬಿಡು" ಎಂದರು ಕಂಡಕ್ಟರ್. "ನೀನು ಹೇಳಿದ ಮೇಲೆ ಮುಗೀತು." ಅವರು ತಮ್ಮದೇ ಹಳೆಯ ಫೋನನ್ನು ಎತ್ತಿಕೊಂಡು ಕಡೆಯ ಸಲ ಅಂಗಿಯ ತುದಿಯಿಂದ ಒರೆಸಿ, ಗಾಜಿನ ಮೇಲಿಟ್ಟು, ಹೊಸದನ್ನು ತೋರಿಸಲು ಹೇಳಿದರು.

ಅಷ್ಟಕ್ಕೇ ಮುಗಿದಿದ್ದರೆ ಅವಳು ಆ ಸುಳ್ಳನ್ನೂ ಹೊಟ್ಟೆಗೆ ಹಾಕಿಕೊಂಡು ಮನೆಗೆ ಹೋಗಿ ಒಬ್ಬಳೇ ಅಳುತ್ತಿದ್ದಳೇನೋ. ಆದರೆ ತಮ್ಮ ಅವಳ ಕಡೆ ತಿರುಗಿ ನಕ್ಕ. ತುಟಿಯ ಒಂದು ಕೊನೆಯಲ್ಲಿ, ಸಣ್ಣಗೆ. ಇಬ್ಬರೂ ಸೇರಿ ಒಂದು ವ್ಯಾಪಾರ ಮುಗಿಸಿದ್ದೇವೆ ಎಂಬಂಥ ನಗು. ಆ ನಗುವಿನಲ್ಲಿ ಅವಳಿಗೆ ಎಲ್ಲ ಅರ್ಥವಾಯಿತು. ಬೇಕರಿಯವನು, ನರ್ಸ್, ಉಳಿದವರು. ತಾನು ಬೆನ್ನು ಸವರಿ ಸಮಾಧಾನ ಮಾಡಿದ್ದು. ಮೈಯೆಲ್ಲ ಉರಿದು ಹೋಯಿತು.

"ಕಂಡಕ್ಟ್ರೇ, ನಿಮ್ಮ ಫೋನ್ ತಗೊಳ್ಳಿ" ಎಂದಳು. "ಅದು ನನ್ನ ಕೋಳೀನೇ. ಈಗ ಹೇಳಿದ್ದು ಸುಳ್ಳು. ನಿಮ್ಮದನ್ನ ಇನ್ನೊಂದು ಕಡೆ ತೋರಿಸಿ."

ಕಂಡಕ್ಟರ್ ಒಮ್ಮೆ ಅಕ್ಕನನ್ನು, ಒಮ್ಮೆ ತಮ್ಮನನ್ನು ನೋಡಿದರು. ಟಿಕೆಟ್ ಇಲ್ಲದವರನ್ನು ಜೀವಮಾನವೆಲ್ಲ ಹಿಡಿದವರು, ಬಾಯಿಬಿಟ್ಟು ಕೇಳುವ ಅಗತ್ಯವಿರಲಿಲ್ಲ. ಫೋನು ಜೇಬಿಗಿಟ್ಟುಕೊಂಡು ಹೊರಟುಹೋದರು.

"ಹೊಟ್ಟೆ ಮೇಲೆ ಹೊಡೆದ್ಯಲ್ಲ ಅಕ್ಕಾ" ಎಂದ ತಮ್ಮ.

"ನಾನು ಹೊಡೆದ್ನಾ? ನನ್ನ ಫೋನ್ ಯಾಕೋ ಬೇಕಾಗಿತ್ತು ನಿಂಗೆ? ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಫೋನಿಗಲ್ಲ." ಅವನು ಗಾಜಿನ ಮೇಲಿನ ಬೆರಳಚ್ಚು ಒರೆಸುತ್ತ ನಿಂತ. "ತಿಂಗಳಿಗೆ ಇಷ್ಟು ಅಂತ ಮಾರ್ಲೇಬೇಕು, ಇಲ್ಲಾಂದ್ರೆ ಕಂಪನಿಯವರು ಕಪಾಟು ವಾಪಸ್ ಎತ್ಕೊಂಡು ಹೋಗ್ತಾರೆ. ಯಾರಿಗೆ ಹೇಳಿದ್ರೂ ಒಂದೇ ಮಾತು, 'ನಿಮ್ಮ ಅಕ್ಕಂದು ಇನ್ನೂ ಓಡ್ತಿದೆಯಲ್ಲ?' ನೀನು ಅದನ್ನ ಹಿಡ್ಕೊಂಡು ಓಡಾಡೋವರೆಗೂ ಈ ಬೀದೀಲಿ ಒಂದೂ ಮಾರಕ್ಕಾಗ್ತಿರ್ಲಿಲ್ಲ. ಬದಲಿಗೆ ಹೊಸದು ಕೊಟ್ನಲ್ಲ ನಿಂಗೆ, ಬಿಟ್ಟಿ!"

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಅವನು ಕದ್ದದ್ದು ಫೋನಾಗಿದ್ದರೆ ಕ್ಷಮಿಸಬಹುದಿತ್ತು. ಅವಳು ಇಷ್ಟು ವರ್ಷ ಬಾಯಿತುಂಬ ಆಡಿದ ಒಂದು ಮಾತನ್ನು ತೆಗೆದು ಮಾರಿದ್ದ, ಅದೂ ಅವಳ ಬಾಯಿಂದಲೇ. ತನ್ನ ಸಿಮ್ ತೆಗೆದುಕೊಂಡು ಹೊಸ ಫೋನನ್ನು ಗಾಜಿನ ಮೇಲಿಟ್ಟಳು. ಡ್ರಾಯರಿನಿಂದ ಹಳೆಯದನ್ನು ತೆಗೆದು, ಅವನ ಸಿಮ್ ಬಿಡಿಸಿಕೊಟ್ಟಳು. ಪರದೆಯನ್ನು ಮಾತ್ರ ವಾಪಸ್ ಒಯ್ಯಲಿಲ್ಲ. ಒಪ್ಪಿಕೊಂಡ ಕೆಲಸ, ಮುಗಿಸಿ ಕೊಟ್ಟದ್ದಾಗಿತ್ತು.

ಮರುದಿನದಿಂದ ಅವಳೇ ಮನೆಮನೆಗೆ ಹೋಗಿ ಹೇಳಿದಳು. ಬೇಕರಿಯವನು "ಹೋಗ್ಲಿ ಬಿಡಕ್ಕ, ಫೋನೇನೋ ಚೆನ್ನಾಗಿದೆ" ಎಂದ, ಆದರೆ ಕೋಳಿಯ ತಮಾಷೆ ನಿಲ್ಲಿಸಿದ. ನರ್ಸ್ ಎಲ್ಲ ಕೇಳಿಸಿಕೊಂಡು, "ನಾನು ಅವರನ್ನ ನಂಬಿರ್ಲಿಲ್ಲ ಅಕ್ಕಾ. ನಿಮ್ಮನ್ನ ನಂಬಿದ್ದೆ" ಎಂದಳು. ಅಂದಿನಿಂದ ಯಾರು ಏನು ಹೊಸದು ತಂದರೂ ಗಟ್ಟಿ ಇದೆಯಾ ಎಂದು ಅವಳು ಕೇಳುತ್ತಿಲ್ಲ. ಹೆಸರು ಮಾತ್ರ ಹಾಗೇ ಉಳಿದಿದೆ.

ಚಳಿ ಶುರುವಾಗುವ ಹೊತ್ತಿಗೆ ಚಾರ್ಜಿಂಗ್ ಪಿನ್ನಿಗೆ ಮತ್ತೆ ಧೂಳು ತುಂಬಿತು. ಫೋನು ನಿಂತುಹೋಯಿತು. ಚಿಮಟ ಅವಳ ಕೈಗೆಟುಕುವಲ್ಲೇ ಇತ್ತು, ಆದರೆ ಬಿಚ್ಚಲು ಅವಳಿಗೆ ಬರುವುದಿಲ್ಲ. ಬೇರೆ ರಿಪೇರಿಯವನ ಹತ್ತಿರ ಹೋಗು ಎಂದರು. ಹೋಗಿ ಏನು ಮಾಡುವುದು? ಅವನು ಹೋಗಿದೆ ಎಂದರೂ ನಂಬಿಕೆ ಬಾರದು, ಓಡುತ್ತದೆ ಎಂದರೂ ಬಾರದು. ಒಂಟಿ ಗುಂಡಿಗಳ ಡಬ್ಬಿಯೊಳಗೆ ಅದನ್ನೂ ಇಟ್ಟಳು.

ಆ ಸಂಜೆ ಕೋಳಿ ಕೂಗಲಿಲ್ಲ. ಅವಳು ತಲೆತಗ್ಗಿಸಿ ಒಂದು ಕಾಲರು ಬಿಚ್ಚುತ್ತಿದ್ದಳು. ಎದುರು ಅಂಗಡಿಯ ಬಾಗಿಲಿಗೆ ಯಾರೋ ಬಂದು ನಿಂತ ಹಾಗಾಯಿತು. ಎಷ್ಟೋ ದಿನದಿಂದ ಕೇಳದಿದ್ದ ಧ್ವನಿ ಬೀದಿ ದಾಟಿ ಬಂತು.

"ಅಕ್ಕಾ, ಇಸ್ತ್ರಿ!"

ಅವಳು ತಲೆಯೆತ್ತಲಿಲ್ಲ, ಕೂತಲ್ಲಿಂದ ಕೈಯನ್ನೂ ಚಾಚಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ಮೇಜಿನ ಬಳಿ ಹೋದಳು. ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಅವನು ಹೇಳಿದ್ದು ನಿಜವೇ ಎಂದು ಇಸ್ತ್ರಿಗೆ ತಾಗಿಸಿ ನೋಡಿದಳು. ಚುರ್ ಎಂದಿತು. ಆಮೇಲೆ ಆರಿಸಿದಳು.