ಹದಿಮೂರನೇ ಸ್ಟೇಜಿನ ಚಿನ್ನದ ಹಡಗು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ವಿದ್ಯಾನಗರದ ಕಚೇರಿಯಲ್ಲಿ ಪಕ್ಕದ ಮೇಜಿನವಳಿಗೆ ಹೊಸ ಕುರ್ಚಿ ಬಂದರೂ ಅಂದು ನನಗೆ ಊಟ ಸೇರುವುದಿಲ್ಲ. ಆದರೆ ಮೂವತ್ತು ವರ್ಷ ಒಂದೇ ಸಮನೆ ನನ್ನ ಹೊಟ್ಟೆ ಉರಿಸಿದವನು ಒಬ್ಬನೇ, ನನಗಿಂತ ಎರಡು ವರ್ಷ ದೊಡ್ಡವನಾದ ಅತ್ತೆಯ ಮಗ, ಭಾವ. ಕಾರಣ, ಒಂದು ವೀಡಿಯೋ ಗೇಮ್.

ಅಪ್ಪ ಸೌದಿಯಲ್ಲಿದ್ದರು. ನಮ್ಮದು ಅಳಿಯಕಟ್ಟಿನ ಮನೆತನ, ಗಂಡಸಿನ ಆಸ್ತಿ ಹೋಗುವುದು ಸ್ವಂತ ಮಕ್ಕಳಿಗಲ್ಲ, ತಂಗಿಯ ಮಕ್ಕಳಿಗೆ. ಕಾನೂನು ಯಾವಾಗಲೋ ಬದಲಾಗಿದೆ, ಅಭ್ಯಾಸ ಹೋಗಲಿಲ್ಲ. ಅಪ್ಪ ರಜೆಯಲ್ಲಿ ಬಂದರೆ ಅವರ ಪೆಟ್ಟಿಗೆ ಮೊದಲು ತೆರೆಯುತ್ತಿದ್ದದ್ದು ಕಂಪೌಂಡಿನ ಆಚೆಯ ತಂಗಿಯ ಮನೆಯಲ್ಲಿ, ತಂಗಿಯ ಮಗನ ಎದುರು. ನನಗೆ ಹತ್ತು ವರ್ಷವಾಗಿದ್ದಾಗ ಆ ಪೆಟ್ಟಿಗೆಯಿಂದ ಟಿವಿಗೆ ಸಿಕ್ಕಿಸುವ ಗೇಮ್ ಹೊರಬಂತು. ಜೊತೆಗೆ ಒಂದು ಕ್ಯಾಸೆಟ್: ಬಾಹ್ಯಾಕಾಶದಲ್ಲಿ ಒಂಟಿ ವಿಮಾನ, ಎದುರು ಬಂದದ್ದಕ್ಕೆಲ್ಲ ಗುಂಡು ಹಾರಿಸುವುದು. "ಇದು ಅಳಿಯನಿಗೆ" ಎಂದರು ಅಪ್ಪ. ನನಗೆ ಸಿಕ್ಕಿದ್ದು ಪರಿಮಳದ ರಬ್ಬರು.

ಭಾವ ಅದನ್ನು ಮುಟ್ಟಲೂ ಬಿಡಲಿಲ್ಲ. ನೋಡಲು ಹೋದರೆ ಒಂದು ದಿನ ಕರೆಂಟು ಇಲ್ಲ, ಇನ್ನೊಂದು ದಿನ ಅತ್ತೆಗೆ ತಲೆನೋವು. ಶಾಲೆಯ ದಾರಿಯಲ್ಲಿ ವರ್ಣನೆ ಮಾತ್ರ ಧಾರಾಳ. "ಹದಿಮೂರನೇ ಸ್ಟೇಜಲ್ಲಿ ಚಿನ್ನದ ಹಡಗು ಬರ್ತದೆ ಮಾರಾಯ್ತಿ. ನಾನು ಹೊಡೆದೆ." ಅಪ್ಪನ ಕಾಗದಗಳಲ್ಲೂ ಅದೇ: ಅಳಿಯ ಈಗ ಎಷ್ಟನೇ ಸ್ಟೇಜು? ನಾನು ಎಷ್ಟನೇ ಕ್ಲಾಸು ಎಂದು ಅವರಿಗೆ ನೆನಪಿತ್ತೋ ಇಲ್ಲವೋ!

ಎರಡು ವರ್ಷ ಕಳೆದು ನನಗೂ ಒಂದು ಗೇಮ್ ತಂದರು. ಅದೇ ಆಟದ ಎರಡನೇ ಭಾಗ. ಜೊತೆಗೆ ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರು. ಗೇಮು ಸೌದಿಯ ಕಡಿಮೆ ವೋಲ್ಟೇಜಿನ ಕರೆಂಟಿಗೆ ಮಾಡಿದ್ದು, ಟ್ರಾನ್ಸ್‌ಫಾರ್ಮರು ಇಲ್ಲದೆ ಊರಲ್ಲಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ ಎಂದು ಅಂಗಡಿಯವನು ಹೇಳಿದನಂತೆ. ಹೇಳುತ್ತಾ ಹೇಳುತ್ತಾ ಅಪ್ಪನಿಗೇ ಗಾಬರಿಯಾಯಿತು. "ಅಯ್ಯೋ, ಅಳಿಯಾ, ನಿನ್ನದು?"

"ನಮ್ಮದು ಸರಿ ಉಂಟು ಮಾವ, ಎಂತದೂ ಆಗಲಿಲ್ಲ" ಎಂದ ಭಾವ.

ನೋಡಿ, ಅವನದ್ದಕ್ಕೆ ಟ್ರಾನ್ಸ್‌ಫಾರ್ಮರೂ ಬೇಡ! ನನ್ನದಕ್ಕೆ ಬೇಕು. ಆ ಸಿಟ್ಟಿಗೆ ನನ್ನ ಗೇಮನ್ನು ಅವನಿಗೆ ಒಂದು ದಿನವೂ ಕೊಡಲಿಲ್ಲ. ಕೇಳಲು ಬಂದಾಗ "ನಿನಗೆ ಒರಿಜಿನಲ್ ಉಂಟಲ್ಲ" ಎಂದು ಬಾಗಿಲು ಹಾಕಿದೆ.

ಹೋದ ತಿಂಗಳು ಹೊಸಂಗಡಿಯ ಅಂಗಡಿಯೊಂದರಲ್ಲಿ ಹಳೆಯ ಆಟಗಳನ್ನೆಲ್ಲ ತುಂಬಿದ ಪುಟ್ಟ ಡಬ್ಬ ಕಂಡಿತು. ಎರಡೂ ಭಾಗ ಅದರಲ್ಲಿತ್ತು. ಕೊಂಡೆ. ಕಚೇರಿಯಿಂದ ಬಂದು ಚಹಾ ಕುಡಿದವಳು ಟಿವಿಯ ಮುಂದೆಯೇ. ಮೊದಲನೆಯದರಲ್ಲಿ ಕಪ್ಪು ಆಕಾಶ, ಬಿಳಿ ಚುಕ್ಕಿ, ಒಂದು ಪೆಟ್ಟು ಬಿದ್ದರೆ ಕಥೆ ಮುಗಿಯಿತು. ಎರಡನೆಯದರಲ್ಲಿ ಬಣ್ಣ, ಸಂಗೀತ, ನಾಲ್ಕು ಬಗೆಯ ಗುಂಡು. ಶತ್ರುಗಳು ಒಟ್ಟಿಗೆ ನುಗ್ಗಿದರೆ ಮಾತ್ರ ಇಡೀ ಆಟ ಹೊಸಂಗಡಿ ಜಂಕ್ಷನ್ನಿನ ಬಸ್ಸಿನ ಹಾಗೆ ತೆವಳುತ್ತದೆ. ಆದರೂ ಎರಡನೆಯದೇ ಒಳ್ಳೆಯದು. ಅಂದರೆ ಒಳ್ಳೆಯದು ಸಿಕ್ಕಿದ್ದು ನನಗೇ. ಒಂದು ಚೂರೂ ಸಮಾಧಾನವಾಗಲಿಲ್ಲ. ನನಗೆ ಒಳ್ಳೆಯದು ಯಾರಿಗೆ ಬೇಕಿತ್ತು? ಮೊದಲನೆಯದು ಬೇಕಿತ್ತು.

ಅದಕ್ಕೇ ಮೊದಲನೆಯದನ್ನೇ ಹಟ ಹಿಡಿದು ಆಡಿದೆ. ಇರುವುದು ಆರೇ ಸ್ಟೇಜು. ಮುಗಿದರೆ ಮತ್ತೆ ಒಂದರಿಂದ. ಎರಡು ಸುತ್ತು ಮುಗಿಸಿ ಹದಿಮೂರನೆಯದಕ್ಕೂ ಹೋದೆ. ಚಿನ್ನದ ಹಡಗು ಬರಲಿಲ್ಲ. ಅವನಿಗೆ ಬಂದದ್ದು ನನಗೆ ಯಾಕೆ ಬರುವುದಿಲ್ಲ? ಭಾನುವಾರ ಭಾವನನ್ನು ಕರೆದೆ, ಅಪ್ಪನ ಎದುರೇ ಸೋಲಿಸಬೇಕೆಂದು.

ಅಪ್ಪ ಈಗ ನನ್ನ ಜೊತೆಯಲ್ಲೇ ಇದ್ದಾರೆ. ಭಾವ ಬಂದದ್ದೇ ತಡ, ಕುರ್ಚಿ ಎಳೆದು ಕೂತರು. "ನಿನ್ನ ಆಟ ನಡೆಯುವುದಿಲ್ಲ. ಅವ ಚಿನ್ನದ ಹಡಗು ಹೊಡೆದವ" ಎಂದು ನನಗೇ ಎಚ್ಚರಿಕೆ. ಅಷ್ಟರಲ್ಲಿ ಮೀನಿನವನ ಹಾರ್ನ್ ಕೇಳಿ ಗೇಟಿಗೆ ಎದ್ದುಹೋದರು.

ಭಾವ ಮೊದಲ ಸ್ಟೇಜಿನಲ್ಲೇ ಸತ್ತ. ಮತ್ತೆ ಸತ್ತ. ಮೂರನೇ ಸಲ ಗುಂಡು ಹಾರಿಸುವ ಗುಂಡಿ ಯಾವುದೆಂದು ಹುಡುಕುತ್ತಿದ್ದ.

"ಎಂತ ಭಾವ, ನಾಟಕವಾ?"

ಅವನು ಗೇಟಿನ ಕಡೆ ನೋಡಿ ಸ್ವರ ತಗ್ಗಿಸಿದ. "ನಾನು ಇದನ್ನು ಆಡಿಯೇ ಇಲ್ಲ ಮಾರಾಯ್ತಿ. ಮೊದಲ ದಿನ ಸಿಕ್ಕಿಸಿದ ಕೂಡಲೇ ಹೊಗೆ ಬಂತು. ಉಪ್ಪಳದ ರಿಪೇರಿಯವ ಬಿಚ್ಚಿ ನೋಡಿ, ಒಳಗೆಲ್ಲ ಕರಿ ಅಂದ."

"ಮತ್ತೆ ಚಿನ್ನದ ಹಡಗು?"

"ಅದು ಡಬ್ಬದ ಮೇಲಿನ ಚಿತ್ರದಲ್ಲಿ ಇತ್ತು."

"ಅಪ್ಪನಿಗೆ ಹೇಳಬಹುದಿತ್ತಲ್ಲ?"

"ಮಾವ ಅಷ್ಟು ಆಸೆಯಿಂದ ತಂದದ್ದು. ಹೇಗೆ ಹೇಳುವುದು? ನಿನ್ನದರ ಸದ್ದು ಕಿಟಕಿಯಿಂದ ಕೇಳ್ತಿತ್ತು. ಆ ಪಾಟು, ರಾಗ ಸಮೇತ, ನನಗೆ ಈಗಲೂ ಬಾಯಿಪಾಠ."

ಮೂವತ್ತು ವರ್ಷ ನಾನು ಉರಿದದ್ದು ಒಂದು ಸುಟ್ಟ ಡಬ್ಬಕ್ಕೆ! ನಗು ಬರಬೇಕಿತ್ತು. ಬಂದದ್ದು ಮೊದಲಿಗಿಂತ ದೊಡ್ಡ ಹೊಟ್ಟೆಕಿಚ್ಚು. ನನ್ನದು ಸುಟ್ಟಿದ್ದರೆ ನಾನು ಅತ್ತು ಕರೆದು, ಅಪ್ಪ ಮುಂದಿನ ವಿಮಾನಕ್ಕೇ ಬರುವ ಹಾಗೆ ಕಾಗದ ಬರೆಯುತ್ತಿದ್ದೆ. ಇವನು ಹನ್ನೆರಡನೇ ವಯಸ್ಸಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಾನೆ. ನನ್ನ ಅಪ್ಪನನ್ನು ನನಗಿಂತ ಚೆನ್ನಾಗಿ ನೋಡಿಕೊಂಡವನು ಇವನು. ಅದರಲ್ಲೂ ಇವನೇ ಮೊದಲು!

ಅಪ್ಪ ಬಂಗುಡೆಯ ಚೀಲ ಹಿಡಿದು ಒಳಗೆ ಬಂದರು. "ಯಾರು ಗೆದ್ದದ್ದು?"

ಭಾವ ನೆಲ ನೋಡಿದ. ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಒಂದೇ ಒಂದು ವಾಕ್ಯ ಸಾಕಿತ್ತು.

"ಭಾವ" ಎಂದೆ. "ಚಿನ್ನದ ಹಡಗನ್ನೂ ಹೊಡೆದ."

"ನಾನು ಹೇಳಲಿಲ್ಲವಾ!" ಎಂದು ಅಪ್ಪ ಮೀನಿನ ಚೀಲವನ್ನು ನನ್ನ ಕೈಗೆ ಕೊಟ್ಟು, ಅಳಿಯನ ಪಕ್ಕದಲ್ಲಿ ಹೋಗಿ ಕೂತರು.