ಅರಿಶಿನವಲ್ಲದ ಹಳದಿ

ರೋಗಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಯಂತ್ರ ನಡೆಸಬಲ್ಲವರು ಅನೇಕರು. ಪ್ರತಿ ಬಾಟಲಿಯ ಸ್ವಭಾವ ಅರಿತು ಅದರೊಡನೆ ಬಾಳಬಲ್ಲವರು ವಿರಳ. ವಿಜಯವಾಡ, ವಿಶಾಖಪಟ್ಟಣಗಳಲ್ಲಿ ದುಡಿದು ಈಗ ನಿವೃತ್ತರಾಗುತ್ತಿರುವ ಶ್ರೀಮತಿ ಸುಮಿತ್ರಾ ಭರತೇಶ ಅವರು ಆ ವಿರಳರಲ್ಲೊಬ್ಬರು.

ಧಾರವಾಡದವರಾದ ಅವರು, ಬ್ಯಾಂಕ್ ಅಧಿಕಾರಿಯಾಗಿದ್ದ ಪತಿಗೆ ವರ್ಗವಾದಾಗ ವಿಜಯವಾಡಕ್ಕೆ ಬಂದು ಖಾಸಗಿ ಪ್ರಯೋಗಾಲಯವೊಂದನ್ನು ಸೇರಿದರು. ಅಲ್ಲಿ ಗಾಜು ತೊಳೆಯುತ್ತಿದ್ದವರು ಬಳ್ಳಾರಿ ಕಡೆಯ ಕಾಳಮ್ಮ. ಸುಮಿತ್ರಾ ಅವರು ಬಂದ ಮೇಲೆಯೇ ಕಾಳಮ್ಮನವರಿಗೆ ಕೆಲಸದ ಜಾಗದಲ್ಲಿ ಕನ್ನಡ ಕೇಳಿಸಿದ್ದು.

ಮೂತ್ರಪಿಂಡದ ಪರೀಕ್ಷೆಗೆಂದು ಅಲ್ಲಿ ಪಿಕ್ರಿಕ್ ಆಮ್ಲವಿತ್ತು. ಹಳದಿ ಹರಳು, ಚರ್ಮಕ್ಕೆ ತಾಕಿದರೆ ಕಲೆ, ಹೊಟ್ಟೆಗೆ ಹೋದರೆ ವಿಷ. ನೀರಿನಲ್ಲಿ ನೆನೆದಿರುವವರೆಗೆ ಸಾಧು, ಒಣಗಿದರೆ ತಿಕ್ಕಿದರೂ ಸಿಡಿಯಬಲ್ಲದು. ಲೋಹದ ಚಮಚ, ಲೋಹದ ಮುಚ್ಚಳಗಳನ್ನು ಸುಮಿತ್ರಾ ಅವರು ಅದರ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ತುಳಸಿಗೆ ಎರೆಯುವ ಶ್ರದ್ಧೆಯಿಂದ ಭಟ್ಟಿ ಇಳಿಸಿದ ನೀರು ಹಾಕುತ್ತಿದ್ದರು. ಆದರೂ ಹಳೆಯ ಬಾಟಲಿಯೊಂದು ಹಿಂದಿನ ಸಾಲಿಗೆ ಸರಿದು ಅವರ ಕಣ್ಣು ತಪ್ಪಿಸಿತ್ತು.

ಆಯುಧಪೂಜೆಗೆ ಬಾಟಲಿಗಳನ್ನೆಲ್ಲ ಒರೆಸಿ ಅರಿಶಿನ ಕುಂಕುಮ ಹಚ್ಚುವುದು ಅಲ್ಲಿನ ಪದ್ಧತಿ. ಒಂದು ವರ್ಷ ಕಾಳಮ್ಮನವರ ಕಣ್ಣಿಗೆ ಆ ಬಾಟಲಿ ಬಿತ್ತು. ಅದರ ಮುಚ್ಚಳದ ಸುತ್ತ ಹಳದಿ ಗಟ್ಟಿಯಾಗಿ ಅಂಟಿತ್ತು.

“ಹೋದ ವರ್ಷದ ಅರಿಶಿನ ನೋಡ್ರಿ ಮೇಡಂಗಾರು, ಕಲ್ಲಾಗೈತಿ. ಒಂಚೂರು ತಿಕ್ತೀನಿ.”

ಸುಮಿತ್ರಾ ಅವರು ಕೂಗಲಿಲ್ಲ. ಕೂಗಿದ್ದರೆ ಕಾಳಮ್ಮ ಬೆಚ್ಚುತ್ತಿದ್ದರು. “ಬಟ್ಟೆ ಕೆಳಗಿಡ್ರಿ ಕಾಳಮ್ಮ. ಅದನ್ನ ಮುಟ್ಟಬ್ಯಾಡ್ರಿ. ಬರ್ರಿ, ಚಾ ಕುಡಿಯೋಣು,” ಎಂದರು. ಎಲ್ಲರನ್ನೂ ಹೊರಗೆ ಕಳಿಸಿ ಪೊಲೀಸರಿಗೆ ತಿಳಿಸಿದರು. ಬಾಂಬ್ ಪತ್ತೆ ದಳದವರು ಬಂದು ಬಾಟಲಿಯನ್ನು ಒಯ್ದರು. ಚಹಾ ಮಾತ್ರ ಯಾರಿಗೂ ಸಿಗಲಿಲ್ಲ.

ವ್ಯವಸ್ಥಾಪಕ ಶೇಷಗಿರಿಯವರು ಕಾಳಮ್ಮನವರನ್ನು ಕೆಲಸದಿಂದ ತೆಗೆಯಲು ಹೊರಟರು. ಅವರ ಮನೆಯ ಒಲೆ ಉರಿಯುತ್ತಿದ್ದುದೇ ಆ ಕೆಲಸದಿಂದ. ಸುಮಿತ್ರಾ ಅವರು ತಮ್ಮ ಅರೆಬರೆ ತೆಲುಗಿನಲ್ಲಿ ಹೇಳಿದ್ದಿಷ್ಟು: ಒರೆಸುವುದು ಅವರ ಕೆಲಸ, ಒರೆಸಲು ಹೋದರು, ನೀರು ನೋಡುವುದು ನನ್ನ ಕೆಲಸ, ನಾನು ನೋಡಲಿಲ್ಲ. ಕಾಳಮ್ಮ ಉಳಿದರು. ಸುಮಿತ್ರಾ ಅವರಿಗೆ ಬರಲಿದ್ದ ಮುಖ್ಯಸ್ಥರ ಹುದ್ದೆ ಬೇರೆಯವರ ಪಾಲಾಯಿತು. ಅವರನ್ನು ವಿಶಾಖಪಟ್ಟಣದ ಅಂಚಿನ ಪೆಂದುರ್ತಿಯ ಚಿಕ್ಕ ಶಾಖೆಗೆ ಹಾಕಿದರು. ಅದರ ಬಗ್ಗೆ ಅವರು ಯಾರ ಮುಂದೆಯೂ ಆಡಿದ್ದಿಲ್ಲ. ಮರುವರ್ಷ ಕಾಳಮ್ಮ ತಾವೇ ಕೇಳಿಕೊಂಡು ಅಲ್ಲಿಗೆ ಬಂದರು.

ಪೆಂದುರ್ತಿಯ ನಮ್ಮ ಶಾಖೆಯಲ್ಲಿ ಅರಿಶಿನ ಹಚ್ಚುವುದು ಹೊರಬಾಗಿಲಿಗೆ ಮಾತ್ರ. ಕಳೆದ ದಸರೆಗೆ ಕಾಳಮ್ಮ ಬಟ್ಟಲು ಹಿಡಿದು ಅವರೆದುರು ನಿಂತರು.

“ಬಾಟ್ಲಿಗೆ ಬ್ಯಾಡ ಅಂದ್ರಿ, ಬಿಟ್ಟೆ. ನಿಮ್ಮ ಕೈಗೆ ಹಚ್ಚಿದ್ರ ಏನೂ ಸಿಡಿಯಂಗಿಲ್ಲಲ್ರೀ?”

ಸುಮಿತ್ರಾ ಅವರು ನಕ್ಕು ಎರಡೂ ಕೈ ಚಾಚಿದರು. ಆಮೇಲೆ, ಯಾವ ಹಳದಿ ಯಾವುದೆಂದು ಗೊಂದಲವಾಗದಿರಲೆಂದು, ಸೋಪು ಹಾಕಿ ತೊಳೆದುಕೊಂಡೇ ಒಳಗೆ ಹೋದರು.

ಆ ಕೈಗಳಿಗೆ ದೀರ್ಘಾಯುಷ್ಯವಿರಲಿ, ಮಾಡಲು ಕೆಲಸವಿರಲಿ. ಬರುವ ದಸರೆಗೂ ಅವು ನಮ್ಮ ಬಾಗಿಲಿಗೆ ಬರಲಿ. ಬಟ್ಟಲು ಕಾದಿರುತ್ತದೆ, ಈ ಸಲ ಚಹಾ ಕೂಡ.