ಹಿಡಿದಿಟ್ಟ ಸೀಟು

ಬೆಟಗೇರಿಯ ನನ್ನ ತವರಿನಲ್ಲಿ ಅಪ್ಪ ಮಗ್ಗಕ್ಕೆ ಕೂರುವ ಜಾಗಕ್ಕೆ ಜಾಗವೆಂದೇ ಹೆಸರು. ಸೀಟು ಎಂದರೆ ಸೈಕಲ್ಲಿನದು, ಟಾಕೀಸಿನದು. ಅಣ್ಣನಿಗೆ ಕಾಲೇಜಿನಲ್ಲಿ ಸೀಟು ಸಿಗದ ವರ್ಷ ಅದು ಅಳುವ ಮಾತಾಯಿತು. ಚುನಾವಣೆ ಬಂದರೆ ಕಟ್ಟೆಯ ಮೇಲೆ ಕೂತ ಕೆಲಸಗೇಡಿಗಳೆಲ್ಲ ಯಾವ ಪಕ್ಷಕ್ಕೆ ಎಷ್ಟು ಸೀಟು ಎಂದು ಹಂಚುತ್ತಿದ್ದರು, ಅವರಪ್ಪನ ಮನೆಯ ಗಂಟಿನ ಹಾಗೆ.

ಲಕ್ಷ್ಮೇಶ್ವರಕ್ಕೆ ಸೊಸೆಯಾಗಿ ಬಂದ ಮೇಲೆ ನನಗೆ ಬೇಕಾದ ಸೀಟು ಒಂದೇ, ಬಸ್ಸಿನದು. ಬಸ್ಸು ನಿಲ್ಲುವ ಮೊದಲೇ ಪಕ್ಕದಲ್ಲಿ ಓಡಿ, ಕಿಟಕಿಯಿಂದ ಒಳಗಿನ ಸೀಟಿಗೆ ಟವೆಲ್ಲು ಒಗೆಯಬೇಕು. ಟವೆಲ್ಲು ಬಿದ್ದರೆ ಸೀಟು ನಿಮ್ಮದು. ಬಾಗಿಲಲ್ಲಿ ಕುತ್ತಿಗೆಪಟ್ಟಿ ಹಿಡಿದು ಬಡಿದಾಡಿದವನೂ ಒಳಗೆ ಹೋದ ಮೇಲೆ ಆ ಟವೆಲ್ಲನ್ನು ಮುಟ್ಟುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಮಗಳು ಆಗಷ್ಟೇ ನಡೆಯಲು ಕಲಿತಿದ್ದಳು. ಗಂಟಲುಮಾರಿ ಬಂತು. ಉಸಿರೆಳೆದರೆ ಪಕ್ಕೆಗಳು ಒಳಗೆ ಹೋಗುತ್ತಿದ್ದವು. ಊರಿನ ಡಾಕ್ಟರರು ನೋಡಿ, ಇದು ಇಲ್ಲಿ ಆಗುವ ಮಾತಲ್ಲ, ತಡಮಾಡದೆ ಗದಗಿನ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದರು. ಗಂಡ ಕೆಲಸದ ಮೇಲೆ ಮುಂಡರಗಿಗೆ ಹೋಗಿದ್ದರು. ಮೈದುನ ಜೀಪು ಹುಡುಕಿ ಪೇಟೆಯೆಲ್ಲ ಸುತ್ತಿ ಬರಿಗೈಲಿ ಬಂದ. ಉಳಿದದ್ದು ಶಿರಹಟ್ಟಿ ಮೇಲೆ ಹಾಯ್ದು ಹೋಗುವ ಮುಂಜಾನೆಯ ಬಸ್ಸು. ಅವತ್ತು ಸಂತೆ ಬೇರೆ, ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಮಂದಿ.

ಬಸ್ಸು ಬಂದ ಕೂಡಲೇ ಮೈದುನ ಓಡಿದ. ಟವೆಲ್ಲು ಒಗೆದು, ಕೂಸಿಗೆ ಆರಾಮಿಲ್ಲ, ಈ ಸೀಟು ನಮ್ಮದು ಎಂದು ಕಿಟಕಿಯಲ್ಲೇ ಕೂಗಿ ಹೇಳಿ, ಗೆದ್ದವನಂತೆ ತಿರುಗಿ ಬಂದ. ನಾನು ಕೂಸನ್ನು ಎದೆಗೆ ಒತ್ತಿಕೊಂಡು ಬಾಗಿಲ ಕಡೆ ನುಗ್ಗುತ್ತಿದ್ದೆ. ಅವನು ಅಡ್ಡ ನಿಂತ.

"ಅವಸರ ಮಾಡಬ್ಯಾಡ್ರಿ ವೈನಿ. ಸೀಟ ಹಿಡದೀನಿ. ಮಂದಿ ಹತ್ತಲಿ, ಆ ಗದ್ದಲದಾಗ ಕೂಸಿಗೆ ಉಸರು ಕಟ್ಟತೈತಿ."

ಯಾರ ಮಾತನ್ನೂ ಸುಮ್ಮನೆ ಕೇಳುವವಳಲ್ಲ ನಾನು. ಅವತ್ತು ಕೇಳಿದೆ. ಅವನು ಹೇಳಿದ್ದು ಖರೆ ಅನಿಸಿತು. ಸೀಟು ಎಲ್ಲಿಗೆ ಹೋಗುತ್ತದೆ?

ಮಂದಿ ಹತ್ತಿದರು, ಹತ್ತುತ್ತಲೇ ಇದ್ದರು. ನಾವು ಹತ್ತಿರ ಹೋಗುವ ಹೊತ್ತಿಗೆ ಮೆಟ್ಟಿಲ ಮೇಲೆ ಬೆರಳೂರಲು ತಾವಿರಲಿಲ್ಲ. ಒಳಗಿನವರು ಕೂಸಿನವರನ್ನು ಬಿಡ್ರಿ ಅಂದರು, ಬಾಗಿಲಿಗೆ ಜೋತುಬಿದ್ದವರಿಗೆ ಅತ್ತಿತ್ತ ಸರಿಯಲು ಆಗಲಿಲ್ಲ. ಕಂಡಕ್ಟರ್ ಹಿಂದೆಲ್ಲೋ ಸಿಕ್ಕಿಕೊಂಡಿದ್ದ, ಕಾಣದೆ ಗಂಟೆ ಹೊಡೆದ. ಮೈದುನ ಬಸ್ಸಿನ ತಗಡು ಬಡಿಯುತ್ತ ಬಹಳ ದೂರ ಓಡಿದ.

ಮುಂದಿನ ಬಸ್ಸು ಇಳಿಹೊತ್ತಿಗೆ. ಅಲ್ಲಿಯತನಕ ಕೂಸನ್ನು ಹೊತ್ತು ಸ್ಟ್ಯಾಂಡಿನಲ್ಲೇ ತಿರುಗಿದೆ. ಸೋಮೇಶ್ವರನಿಗೆ ಬೇಡಿಕೊಂಡೆ, ದರ್ಗಾಕ್ಕೆ ಹರಕೆ ಹೊತ್ತೆ, ಇವಳನ್ನು ಬಿಟ್ಟು ನನ್ನನ್ನು ಒಯ್ಯಿ ಎಂದೆ. ಯಾರಿಗೂ ಕೇಳಿಸಲಿಲ್ಲ. ಆ ಬಸ್ಸಿನಲ್ಲಿ ಬೇಕಾದಷ್ಟು ಸೀಟಿದ್ದವು. ಶಿರಹಟ್ಟಿ ದಾಟಿದ ಮೇಲೆ ಅವಳ ಒದ್ದಾಟ ನಿಂತಿತು. ನಿದ್ದೆ ಹತ್ತಿತೆಂದು ನನಗೆ ಸಂತೋಷವೇ ಆಯಿತು.

ಗದಗಿನಲ್ಲಿ ಕೂಸನ್ನು ನನ್ನ ಕೈಯಿಂದ ಕಸಿದುಕೊಂಡವರಂತೆ ಒಳಗೆ ಒಯ್ದರು. ಪಡಸಾಲೆಯಲ್ಲಿ ಮೈದುನ ಎದುರಿಗೆ ಸಿಕ್ಕವರಿಗೆಲ್ಲ ಬಸ್ಸಿನ ಕಥೆ ಹೇಳಿಕೊಳ್ಳುತ್ತಿದ್ದ. ಗೋಡೆಗೆ ಒರಗಿ ಕೂತಿದ್ದ ಮುದುಕಿಯೊಬ್ಬಳು ತಲೆ ಎತ್ತಿದಳು. ಅವಳ ಒಂದು ಕಾಲು ಬಾತು ಕುಂಬಳಕಾಯಿಯಾಗಿತ್ತು.

"ಆ ಟವೆಲ್ಲು ನಿಮ್ದೇನವ್ವ? ನಾನೂ ಅದ ಬಸ್ಸಿನ್ಯಾಗ ಬಂದೆ. ಕೂಸಿನ ಸೀಟು ಅಂತ ಒಬ್ಬರೂ ಕುಂಡ್ರಲಿಲ್ಲ. ಮುಂದ ಎಲ್ಲೆರ ಹತ್ತತಾರ ಅಂತ ಗದಗತನಕ ಹಂಗ ಬಿಟ್ಟಿದ್ವಿ. ನಾ ಈ ಕಾಲಿಲೆ ನಿಂತ ಬಂದೆ."

ಒಳ್ಳೆಯ ಸುದ್ದಿ ಹೇಳಿದವಳಂತೆ ನನ್ನ ಮುಖ ನೋಡಿದಳು. ನನಗೆ ಬೆಂಕಿಯಂಥ ಸಿಟ್ಟು ಬಂತು. ಯಾವನಾದರೂ ಭಾಡ್ಯಾ ಅದರಲ್ಲಿ ಕೂತು ಬಂದಿದ್ದರೆ ಸಾಯುವತನಕ ಅವನಿಗೆ ಶಾಪ ಹಾಕುತ್ತಿದ್ದೆ. ನನ್ನ ಮಗಳಿಗಾಗಿ ಬಸ್ಸಿನ ತುಂಬ ಮಂದಿ ನಿಂತು ಬಂದಿದ್ದರು. ಯಾರನ್ನು ಬೈಯಲಿ?

ಅಷ್ಟರಲ್ಲಿ ಡಾಕ್ಟರರು ಹೊರಗೆ ಬಂದರು. ಕೂಸು ಹೋಯಿತು ಎಂದರು. ಎರಡು ತಾಸು ಮೊದಲು ಬಂದಿದ್ದರೆ ಏನಾದರೂ ಮಾಡಬಹುದಿತ್ತು, ಮುಂಜಾನೆಯ ಬಸ್ಸಿನಲ್ಲಿ ಜಾಗ ಸಿಗಲಿಲ್ಲವೇ ಎಂದು ಕೇಳಿದರು.

"ಸೀಟ ಇತ್ತರಿ" ಎಂದೆ ನಾನು.